ಬುಬುವಿಗೆ ತಂದ ಕೋಳಿಸಾರು

ಹ್ಯಾಂಬರ್ಗ್, ಜರ್ಮನಿ
2 ಅಕ್ಟೋಬರ್ 1978

ಮಗಳೇ ಹಾಜೆರಾ,

ಹನ್ನೊಂದು ಸಲ ಭೂಮಿ ಸುತ್ತಿದವನು, ಕಪ್ತಾನ ಕುಡಿದು ಬಿದ್ದಿದ್ದಾಗ ಕಲ್ಕತ್ತೆಯಿಂದ ಲಂಡನ್ನಿನವರೆಗೆ ಇಡೀ ಹಡಗನ್ನು ಒಬ್ಬನೇ ನಡೆಸಿಕೊಂಡು ಹೋದವನು, ಅಂಥ ನಿನ್ನ ಮಾಮಾ ತೊಬಾರಕ್ ಅಲಿಯ ಸಲಾಮು.

ನಾವಿಬ್ಬರೂ ಸುಖವಾಗಿ ಬಂದು ತಲುಪಿದೆವು. ವಿಮಾನದಲ್ಲಿ ನಿನ್ನಮ್ಮ, ನನ್ನ ಅಕ್ಕ ಬುಬು, ಕಣ್ಣು ಮುಚ್ಚಿ ಕಲ್ಮಾ ಹೇಳುತ್ತಲೇ ಇದ್ದಳು. ನಾನು ಕಿಟಕಿಯಿಂದ ಒಂದೊಂದೇ ದೇಶವನ್ನು ಗುರುತು ಹಿಡಿದು ಹೇಳುತ್ತಾ ಬಂದೆ. ಪಕ್ಕದ ಸೀಟಿನವನು, ಅದು ಬರೀ ಮೋಡ ಅಂದ. ಅವನಿಗೇನು ಗೊತ್ತು.

ನಮ್ಮ ಮಿಷನ್ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ ಹಾಗೆಯೇ ಇಲ್ಲಿಯವರು ಬಿಡಿಗಾಸು ಕೇಳದೆ ಬುಬುವಿಗೆ ಹಾಸಿಗೆ ಕೊಟ್ಟಿದ್ದಾರೆ. ನಾನು ಬಂದರಿನ ಹತ್ತಿರ ನಮ್ಮ ಸಿಲ್ಹೆಟ್ ಕಡೆಯ ಹಡಗಿನವರು ಇಳಿದುಕೊಳ್ಳುವ ಮನೆಯಲ್ಲಿ ಒಂದು ಮಂಚ ಹಿಡಿದಿದ್ದೇನೆ. ಗಂಟಲ ಗೆಡ್ಡೆ ತೆಗೆಯುವ ದೊಡ್ಡ ಡಾಕ್ಟರು ನೋಡಿದ. ಮೂವತ್ತಾರು ಕಿಲೋ ತೂಗುವ ಹೆಂಗಸಿನ ಮೇಲೆ ತಾನು ಕತ್ತಿ ಇಡುವುದಿಲ್ಲವಂತೆ. ನವೆಂಬರ್ ಹದಿನೇಳಕ್ಕೆ ದಿನ ಗೊತ್ತು ಮಾಡಿದ್ದಾನೆ. ಅಷ್ಟರೊಳಗೆ ನಲವತ್ತು ಕಿಲೋ ಆಗಬೇಕು, ಆಗದಿದ್ದರೆ ಊರಿಗೆ ವಾಪಸು. ಗೆಡ್ಡೆ ಈಗಲೇ ಉಸಿರನ್ನು ಒತ್ತುತ್ತಿದೆ, ಈ ಚಳಿಗಾಲ ದಾಟುವುದು ಕಷ್ಟ ಅಂತಲೂ ಹೇಳಿದ. ಅಂದರೆ ಅವಳಿಗೆ ಹೊಟ್ಟೆ ತುಂಬ ತಿನ್ನಿಸುವುದು ನನ್ನ ಪಾಲಿನ ಕೆಲಸ.

ಇಲ್ಲಿಯ ಊಟದ ಸಂಗತಿ ಬರೆಯಲು ಕೈ ಹೇಸುತ್ತದೆ. ಮೊದಲ ದಿನ ತಟ್ಟೆಯಲ್ಲಿ ಏನೋ ನಡುಗುತ್ತಿತ್ತು. ಹತ್ತಿರ ಹೋಗಿ ನೋಡಿದರೆ ತಣ್ಣನೆಯ ಲೋಳೆ, ಅದರೊಳಗೆ ಹಂದಿ ಮಾಂಸದ ಚೂರುಗಳು ಕೆಸರಿನಲ್ಲಿ ಸಿಕ್ಕ ಹುಳಗಳ ಹಾಗೆ ಕೂತಿದ್ದವು. ಥೂ! ರೊಟ್ಟಿಗೆ ಬೆಳ್ಳಗೆ ಬಳಿದದ್ದು ಬೆಣ್ಣೆ ಅಂದುಕೊಂಡೆ, ಅದೂ ಹಂದಿಯ ಕೊಬ್ಬು. ಬೀದಿಗೆ ಬಂದರೆ ಮೂಲೆಮೂಲೆಗೂ ಬಾಣಲೆ, ಕರುಳಿನ ಚೀಲಕ್ಕೆ ತುಂಬಿದ ಮಾಂಸ ಚುರ್ ಎನ್ನುತ್ತಾ ಜಿಡ್ಡು ಉಗುಳುತ್ತದೆ. ಆ ಹೊಗೆ ನನ್ನ ಅಂಗಿಗೂ ಗಡ್ಡಕ್ಕೂ ಅಂಟಿದೆ. ದಿನಕ್ಕೆ ಮೂರು ಸಲ ಮೀಯುತ್ತೇನೆ.

ಬುಬು ಸೀರೆಯ ಸೆರಗನ್ನು ಮೂಗಿಗೆ ಹಿಡಿದು ಕೂತಿದ್ದಾಳೆ. ಬಾಳೆಹಣ್ಣು ತಿನ್ನುತ್ತಾಳೆ. ಬೇಯಿಸಿದ ಮೊಟ್ಟೆ ಕೊಟ್ಟರೆ, "ಇದು ಯಾವ ಪಾತ್ರೇಲಿ ಬೆಂದಿದ್ದು ತೊಬಾ? ಅದರಲ್ಲಿ ಮೊದಲು ಏನು ಬೆಂದಿತ್ತು?" ಅಂತ ಕೇಳುತ್ತಾಳೆ.

ನೀನು ಚಿಂತೆ ಮಾಡಬೇಡ. ಹಲಾಲ್ ಮಾಂಸದ ವಾಸನೆಯನ್ನು ಅರ್ಧ ಮೈಲಿಯಿಂದ ಹಿಡಿಯುವ ಮೂಗು ನನ್ನದು. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿನ್ನಮ್ಮ ಕೋಳಿಸಾರು ಕುಡಿಯುತ್ತಿರುತ್ತಾಳೆ.

ನಿನ್ನ ಮಾಮಾ,
ತೊಬಾರಕ್ ಅಲಿ


ಶೋನಾಪುರ, ಸಿಲ್ಹೆಟ್
15 ಅಕ್ಟೋಬರ್ 1978

ಮಾಮಾ,

ಸಲಾಮು. ನಿಮ್ಮ ಕಾಗದವನ್ನು ಅಂಗಳದಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹಡಗಿನ ಮಾತು ಬಂದಾಗ ಮಾಮಿ ನಗುತ್ತಾ ಒಳಗೆ ಹೋದರು. ನೀವು ಭೈರಬ್ ಘಾಟಿನ ಲಾಂಚಿನಲ್ಲಿ ಒಂಬತ್ತು ತಿಂಗಳು ಈರುಳ್ಳಿ ಸುಲಿದದ್ದು ಇಡೀ ಊರಿಗೆ ಗೊತ್ತಿದೆ. ಲಾಂಚು ನದಿ ಬಿಟ್ಟು ಸಮುದ್ರಕ್ಕೆ ಯಾವತ್ತು ಇಳಿಯಿತು?

ಅಮ್ಮನ ತೂಕವನ್ನು ಎರಡು ಸಲ ಓದಿದೆ. ಹೋಗುವಾಗ ಮೂವತ್ತೊಂಬತ್ತಿದ್ದಳು. ಮಾಮಾ, ಅಮ್ಮ ಅಂಥವಳು. ಕದಿಯುವವರನ್ನು ಕ್ಷಮಿಸುತ್ತಾಳೆ, ಬೈದವರನ್ನು ಕ್ಷಮಿಸುತ್ತಾಳೆ, ತಟ್ಟೆಯ ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳುವುದಿಲ್ಲ. ಅಪ್ಪ ಸತ್ತ ವರ್ಷ ಬರ ಬಿದ್ದಾಗ ಸಂತೆಯ ಮಾಂಸವನ್ನು ಯಾರು ಕೊಯ್ದರೋ ಗೊತ್ತಿಲ್ಲ ಅಂತ ವಾಪಸು ಕಳಿಸಿದವಳು. ಆದ್ದರಿಂದ ಹಲಾಲ್ ಸಿಕ್ಕಿತು ಅಂದಾಗ ವಾಸನೆ ನೋಡಬೇಡಿ, ಯಾರು ಕೊಯ್ದರು ಅಂತ ಕೇಳಿ.

ನಮ್ಮ ಹಿತ್ತಲ ಸಾತ್ಕೊರಾ ನಿಂಬೆಯ ಸಿಪ್ಪೆ ಒಣಗಿಸಿ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಸಾರಿಗೆ ಎರಡು ಚೂರು ಹಾಕಿದರೆ ಅಮ್ಮನಿಗೆ ಬಾಯಿ ರುಚಿ ಬರುತ್ತದೆ.

ಹೊಲಿಗೆ ಯಂತ್ರ ಇದ್ದ ಜಾಗದಲ್ಲಿ ಈಗ ಕೋಳಿ ಬುಟ್ಟಿ ಇಟ್ಟಿದ್ದೇನೆ. ಬೇಸರವಿಲ್ಲ. ಯಂತ್ರ ಮಾರಿದ ದುಡ್ಡಿನ ಆ ನಾನೂರು ಜರ್ಮನ್ ಮಾರ್ಕ್ ಅಮ್ಮನ ಹೊಟ್ಟೆಗೆ ಹೋಗಲಿ. ವಾಪಸು ಬರುವ ದಾರಿ ಖರ್ಚಿಗೆ ಸ್ವಲ್ಪ ಉಳಿಸಿಕೊಳ್ಳಿ.

ಹಾಜೆರಾ


ಹ್ಯಾಂಬರ್ಗ್
30 ಅಕ್ಟೋಬರ್ 1978

ಬಾಯಿ ಬಡುಕಿ ಹಾಜೆರಾಳಿಗೆ,

ಲಾಂಚು ಸಮುದ್ರಕ್ಕೆ ಇಳಿದದ್ದು ನೀನು ಹುಟ್ಟುವ ಮೊದಲು. ನಿನ್ನ ಮಾಮಿಗೆ ಅದೆಲ್ಲ ಗೊತ್ತಾಗುವುದಿಲ್ಲ.

ಈಗ ಸುದ್ದಿ ಕೇಳು. ಬಂದ ಎಂಟನೇ ದಿನ, ಮೀನುಪೇಟೆಯ ಹಿಂದಿನ ಗಲ್ಲಿಯಲ್ಲಿ ನನ್ನ ಮೂಗು ತಾನಾಗಿಯೇ ನಿಂತಿತು. ತಲೆಯೆತ್ತಿ ನೋಡಿದೆ. ಒಂದು ಅಂಗಡಿಯ ಹಲಗೆಯ ಮೇಲೆ ಅರಬ್ಬಿ ಅಕ್ಷರ! ಹಸಿರು ಬಣ್ಣ, ಅಲಿಫ್, ಲಾಮ್, ಮೀಮ್, ಎಲ್ಲ ಒಂದೊಂದೇ ನನಗೆ ಕೈ ಮಾಡಿ ಕರೆದವು. ಮಕ್ತಬಿನಲ್ಲಿ ಮುನ್ಶಿಯ ಬೆತ್ತ ತಿಂದು ಕಲಿತದ್ದು ಅವತ್ತು ಫಲ ಕೊಟ್ಟಿತು. ಗಟ್ಟಿಯಾಗಿ ಓದಿದೆ. ಅರ್ಥ ಯಾಕೆ ಬೇಕು? ಪವಿತ್ರ ಅಕ್ಷರ ಇರುವಲ್ಲಿ ಅಶುದ್ಧ ಇರುತ್ತದೆಯೇ? ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದೆ.

ಅಂಗಡಿಯವನ ಹೆಸರು ಇಲಿಯಾಸ್. ಒಬ್ಬ ಪೈಗಂಬರರ ಹೆಸರು, ಇನ್ನೇನು ಬೇಕು? ಅಲೆಪ್ಪೊ ಊರಿನವನು. ಮಾತುಮಾತಿಗೆ ಅಲ್ಲಾಹನನ್ನು ನೆನೆಯುತ್ತಾನೆ. ಅವನ ಇಂಗ್ಲಿಷು ನನ್ನಷ್ಟೇ, ಹಾಗಾಗಿ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತೇವೆ.

ಯಾರು ಕೊಯ್ದರು ಅಂತ ಕೇಳಿ ಅಂದೆಯಲ್ಲ. ನಾನು ನಿನಗಿಂತ ಮುಂದಿದ್ದೇನೆ. ನಾನಿರುವ ಮನೆಯಲ್ಲೇ ಮೌಲವಿ ಮುತಾಹಿರ್ ಅಂತ ಒಬ್ಬರಿದ್ದಾರೆ, ಗೋಲಾಪ್‌ಗಂಜ್ ಕಡೆಯವರು. ಹಣೆಯ ಮೇಲೆ ನಮಾಜಿನ ಗುರುತು ನಾಲ್ಕಾಣೆ ಬಿಲ್ಲೆಯಷ್ಟಿದೆ. ಅವರು ಹೇಳಿದರು, "ತೊಬಾರಕ್ ಭಾಯಿ, ಆ ಅಂಗಡಿಯ ಒಂದೊಂದು ಕೋಳಿಗೂ ಬಿಸ್ಮಿಲ್ಲಾ ಹೇಳಿ ಕತ್ತಿ ಹಾಕೋದು ಈ ಕೈಯೇ. ಆದ್ರೆ ಅವನೆದುರು ಆ ಮಾತು ಎತ್ತಬೇಡಿ. ಅರಬರು ಅಭಿಮಾನಿಗಳು, ನನ್ನ ಮೇಲೆ ನಂಬಿಕೆ ಇಲ್ವಾ ಅಂತ ನೊಂದ್ಕೋತಾರೆ." ಎಷ್ಟು ಸೂಕ್ಷ್ಮ ನೋಡು! ಅವರ ಕತ್ತಿಗೆ ಅಂತ ವಾರಕ್ಕೊಮ್ಮೆ ಸ್ವಲ್ಪ ಕಾಣಿಕೆ ಕೊಡುತ್ತೇನೆ. ಬಕ್ರೀದಿಗೆ ಬುಬುವಿನ ಹೆಸರಿನಲ್ಲಿ ಒಂದು ಕುರಿ ಕುರ್ಬಾನಿಗೂ ಹೇಳಿದ್ದೇನೆ. ಎಲ್ಲ ಸೇರಿ ಹತ್ತೋ ಇಪ್ಪತ್ತೋ ಮಾರ್ಕ್. ಊಟಕ್ಕೂ ಮಂಚಕ್ಕೂ ನಾನು ತಂದ ದುಡ್ಡೇ ಸಾಕು, ನಿನ್ನ ದುಡ್ಡು ಭದ್ರವಾಗಿದೆ.

ದಿನವೂ ಮಧ್ಯಾಹ್ನ ನಾನು ಅಲ್ಲೇ ಉಂಡು, ಬುಬುವಿಗೆ ಮುಚ್ಚಿದ ಡಬ್ಬಿಯಲ್ಲಿ ಕೋಳಿಸಾರು, ಅನ್ನ ತರುತ್ತೇನೆ. ಹೋದ ವಾರ ಎರಡು ದಿನ ಜ್ವರ ಬಂದು ನಾನು ಮಲಗಿಬಿಟ್ಟೆ. ಆಗ ಆ ಇಲಿಯಾಸ್ ಅಂಗಡಿ ಮುಚ್ಚಿ ತಾನೇ ಡಬ್ಬಿ ಹೊತ್ತುಕೊಂಡು ಹೋಗಿ ಬುಬುವಿಗೆ ಕೊಟ್ಟು ಬಂದ. ನನ್ನ ಮೇಲಿನ ಗೌರವ ಅಷ್ಟಿದೆ.

ಬುಬುವಿನ ತೂಕ ಮೂವತ್ತೆಂಟು! ನಾನು ನಿಂತು ನೋಡಿದರೆ ಸಂಕೋಚದಿಂದ ತಿನ್ನುವುದಿಲ್ಲ, ಅದಕ್ಕೆ ಡಬ್ಬಿ ಇಟ್ಟು ಆಚೆ ಹೋಗುತ್ತೇನೆ. ವಾಪಸು ಬಂದರೆ ಡಬ್ಬಿ ಖಾಲಿ. ಪಕ್ಕದ ಹಾಸಿಗೆಯ ಜರ್ಮನ್ ಮುದುಕಿ ಹೆಡ್ವಿಗ್ ನನ್ನನ್ನು ಕಂಡರೆ ಎದ್ದು ಕೂತು ಕೈ ಬೀಸುತ್ತಾಳೆ, ನಗುತ್ತಾಳೆ. ನನ್ನ ರೂಪಕ್ಕೆ ಮರುಳಾಗಿರಬೇಕು. ನಿನ್ನ ಮಾಮಿಗೆ ಇದನ್ನು ಓದಿ ಹೇಳಬೇಡ. ಇಲ್ಲ, ಓದಿ ಹೇಳು.

ಸಾತ್ಕೊರಾ ಸಿಪ್ಪೆಯನ್ನು ಬುಬುವಿನ ಕೈಗೆ ಕೊಟ್ಟೆ. ಮೂಸಿ ನೋಡಿ ಕಣ್ಣೊರೆಸಿಕೊಂಡಳು.

ತೊಬಾರಕ್ ಅಲಿ


ಹ್ಯಾಂಬರ್ಗ್
12 ನವೆಂಬರ್ 1978

ಹಾಜೆರಾ,

ನಿನ್ನೆ ಬಕ್ರೀದ್ ಆಯಿತು. ಎಲ್ಲ ಚೆನ್ನಾಗಿ ನಡೆಯಿತು. ಬುಬುವಿನ ತೂಕ ಮೂವತ್ತೊಂಬತ್ತು. ಊಟ ನಡೆಯುತ್ತಿದೆ. ಇಲ್ಲಿ ಚಳಿ ಜಾಸ್ತಿ.

ತೊಬಾರಕ್


ಶೋನಾಪುರ
14 ನವೆಂಬರ್ 1978

ಮಾಮಾ,

ಮೂವತ್ತೆಂಟು ಅಂತ ಓದಿ ನಾನು ಕೋಳಿ ಬುಟ್ಟಿಯ ಪಕ್ಕ ಕೂತು ಅತ್ತೆ. ಆಮೇಲೆ ಮತ್ತೊಮ್ಮೆ ಓದಿದೆ. ಆಗ ಮನಸ್ಸಿಗೆ ಏನೋ ಸರಿ ಬರಲಿಲ್ಲ.

ಸೂಕ್ಷ್ಮ ಅಂತ ಬರೆದಿದ್ದೀರಿ. ನಿಜವಾಗಿ ಹಲಾಲ್ ಮಾರುವ ಅಂಗಡಿಯವನಿಗೆ ಆ ಮಾತು ಕೇಳಿದರೆ ನೋವು ಯಾಕೆ? ನಮ್ಮ ಸಂತೆಯ ಕಸಾಯಿ ಕೇಳದಿದ್ದರೂ ಹೇಳುತ್ತಾನೆ, ಬಿಟ್ಟರೆ ಕುಣಿದು ತೋರಿಸುತ್ತಾನೆ. ಆ ಹಣೆಯ ಬಿಲ್ಲೆಯನ್ನು ಬಿಡಿ. ಅಂಗಡಿಯವನನ್ನೇ ಒಂದು ಸಲ, ಒಂದೇ ಸಲ, ಎದುರು ನಿಂತು ಕೇಳಿ. ಕೇಳಲು ನಿಮಗೆ ನಾಚಿಕೆಯಾದರೆ ನನ್ನ ಹೆಸರು ಹೇಳಿ. ಊರಲ್ಲೊಬ್ಬಳು ಬಾಯಿ ಬಡುಕಿ ಅಕ್ಕನ ಮಗಳಿದ್ದಾಳೆ, ಅವಳು ಕೇಳಿ ಅಂದಳು ಅನ್ನಿ.

ಮತ್ತೆ ಆ ಮುದುಕಿ ನಿಮ್ಮ ರೂಪಕ್ಕೆ ಮರುಳಾದಳು ಅಂತ ಓದಿದಾಗ ಮಾಮಿ ಅಂದರು, "ಅವಳ ಗೆಡ್ಡೆ ಕಣ್ಣಲ್ಲಿರಬೇಕು."

ಹದಿನೇಳರ ದಿನ ಊರಿನ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡುತ್ತೇವೆ.

ಹಾಜೆರಾ


ಶೋನಾಪುರ
27 ನವೆಂಬರ್ 1978

ಮಾಮಾ,

ತಂತಿ ಬಂತು. "ಆಪರೇಷನ್ ಆಯಿತು. ಬದುಕಿದ್ದಾಳೆ." ಅದಕ್ಕೆ ಅಲ್ಲಾಹನಿಗೆ ಎಷ್ಟು ಸ್ತುತಿ ಹೇಳಿದರೂ ಸಾಲದು.

ಅದಾದ ಒಂದು ವಾರಕ್ಕೆ ನಿಮ್ಮ ಹನ್ನೆರಡನೇ ತಾರೀಖಿನ ಕಾಗದ ಬಂತು. ಎಣಿಸಿದೆ, ಐದು ಸಾಲು. ಅದರಲ್ಲಿ ಹಡಗಿಲ್ಲ, ಮೂಗಿಲ್ಲ, ಮುದುಕಿಯಿಲ್ಲ. ಕುರ್ಬಾನಿಯ ಕುರಿಗೆ ಆನೆಯಷ್ಟು ಗಾತ್ರ ಇತ್ತು ಅಂತಲಾದರೂ ಬರೆಯಬೇಕಿತ್ತಲ್ಲ? ನನ್ನ ಜೀವಮಾನದಲ್ಲಿ ನೀವು ಐದು ಸಾಲು ಮಾತಾಡಿ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ನೀವು ಜಂಬ ಕೊಚ್ಚದಿದ್ದರೆ ನನಗೆ ಭಯವಾಗುತ್ತದೆ.

ಏನಾಯಿತು, ಬರೆಯಿರಿ.

ಹಾಜೆರಾ


ಹ್ಯಾಂಬರ್ಗ್
9 ಡಿಸೆಂಬರ್ 1978

ಹಾಜೆರಾ,

ನಿನ್ನ ಎರಡೂ ಕಾಗದ ಬಂದವು. ಈ ಸಲ ಬರೀ ಸಲಾಮು. ಹಡಗು, ಕಪ್ತಾನ ಯಾವುದೂ ಇಲ್ಲ.

ಬಕ್ರೀದ್ ದಿನ ನಮಾಜು ಮುಗಿಸಿ ಕುರ್ಬಾನಿ ಮಾಂಸಕ್ಕೆ ಅಂತ ಪಾತ್ರೆ ಹಿಡಿದು ಮೌಲವಿ ಮುತಾಹಿರನ ಕೋಣೆಗೆ ಹೋದೆ. ಮಂಚ ಖಾಲಿ. ಹಿಂದಿನ ಸಂಜೆಯೇ ಬಟ್ಟೆ ಗಂಟು ಕಟ್ಟಿಕೊಂಡು ಹೋದನಂತೆ. ಮನೆಯ ಇನ್ನೂ ನಾಲ್ಕು ಮಂದಿ ನನ್ನ ಹಾಗೆ ಪಾತ್ರೆ ಹಿಡಿದು ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಲ್ಲಿಂದ ಇಲಿಯಾಸನ ಅಂಗಡಿಗೆ ಓಡಿದೆ. "ಮೌಲವಿ ಎಲ್ಲಿ?" ಅಂತ ಕೇಳಿದೆ.

"ಯಾವ ಮೌಲವಿ?"

"ನಿನ್ನ ಕೋಳಿ ಕೊಯ್ಯೋನು."

"ನನ್ನ ಕೋಳಿ ಪೆಟ್ಟಿಗೇಲಿ ಬರುತ್ತೆ ಅಣ್ಣಾ, ಕಾರ್ಖಾನೆಯಿಂದ. ತಲೆ ಇರಲ್ಲ, ಕಾಲಿರಲ್ಲ. ಕೊಯ್ಯೋಕೆ ಏನು ಉಳಿದಿರುತ್ತೆ?"

ಆಗಲೇ ನಾನು ಅವನ ಕತ್ತನ್ನು ಸರಿಯಾಗಿ ನೋಡಿದ್ದು. ಸಣ್ಣ ಬೆಳ್ಳಿಯ ಶಿಲುಬೆ. ಒಂದು ತಿಂಗಳಿಂದ ಅದು ಅಲ್ಲೇ ಇತ್ತು. ನಾನು ಅಕ್ಷರ ನೋಡುತ್ತಿದ್ದೆ.

"ಹೊರಗಿನ ಹಲಗೆ ಮೇಲೆ ಏನು ಬರೆದಿದೆ?" ಅಂದೆ.

"ನಮ್ಮಪ್ಪನ ಹೆಸರು. ಅದರ ಕೆಳಗೆ ಊಟ, ಹೊಗೆಸೊಪ್ಪು, ದ್ರಾಕ್ಷಾರಸ ದೊರೆಯುತ್ತೆ ಅಂತ." ಅವನು ಕೈಯೊರೆಸಿಕೊಂಡು ಹತ್ತಿರ ಬಂದ. "ಒಂದು ದಿನ ಕೇಳಿದ್ದರೆ ಹೇಳ್ತಿದ್ದೆ. ನಾನೇನು ಮುಚ್ಚಿಟ್ಟಿಲ್ಲ. ನೀವು ದಿನಾ ಹಲಗೆ ಮುಟ್ಟಿ ಕಣ್ಣಿಗೊತ್ಕೋತಿದ್ರಿ. ನಮ್ಮ ಕಡೆ ಅಕ್ಷರ ನೋಡಿ ಸಂತೋಷಪಡ್ತಾರೆ ಪಾಪ ಅಂದ್ಕೊಂಡೆ."

ದ್ರಾಕ್ಷಾರಸದ ಹಲಗೆಯನ್ನು ಒಂದು ತಿಂಗಳು ಕಣ್ಣಿಗೊತ್ತಿಕೊಂಡಿದ್ದೇನೆ, ಹಾಜೆರಾ. ಹೊರಗೆ ಬಂದು ಕಾಲುವೆಯ ಕಂಬಿ ಹಿಡಿದು ಕಾರಿಕೊಂಡೆ. ಹೊಟ್ಟೆಯಲ್ಲಿ ಏನೂ ಇಲ್ಲದಾದ ಮೇಲೂ ಹಳದಿ ನೀರು ಬರುತ್ತಲೇ ಇತ್ತು. ನಾಲಗೆಯನ್ನು ಅಂಗಿಯ ತೋಳಿಗೆ ಒರೆಸಿ ಒರೆಸಿ ಚರ್ಮ ಕಿತ್ತುಬಂತು. ಆ ಮುತಾಹಿರನ ಹಣೆಯ ಗುರುತು ನೆನೆದರೆ ಈಗಲೂ ಮೈಮೇಲೆ ಹಲ್ಲಿ ಬಿದ್ದ ಹಾಗಾಗುತ್ತದೆ. ಯಾವುದೋ ಬಿಸಿ ಬಿಲ್ಲೆ ಒತ್ತಿಕೊಂಡು ಮಾಡಿಕೊಂಡಿದ್ದನೋ ಏನೋ.

ಇಲ್ಲಿಯವರೆಗೆ ನಾನು ಮೋಸ ಹೋದವನು. ಇಲ್ಲಿಂದ ಮುಂದೆ ಬರೆಯುವುದು ನನ್ನದೇ ಹೇಸಿಗೆ.

ಅವತ್ತು ಬುಬು ಮೂವತ್ತೊಂಬತ್ತು ಕಿಲೋ ಇದ್ದಳು. ಆಪರೇಷನ್ನಿಗೆ ಆರು ದಿನ. ಹೇಳಿದರೆ ತಟ್ಟೆ ತಳ್ಳುತ್ತಾಳೆ, ತೂಕ ಇಳಿಯುತ್ತದೆ, ಡಾಕ್ಟರು ಊರಿಗೆ ಕಳಿಸುತ್ತಾನೆ, ಚಳಿಗಾಲ ದಾಟುವುದಿಲ್ಲ. ತಿಳಿಯದೆ ತಿಂದರೆ ಪಾಪ ಅವಳದಲ್ಲ, ನನ್ನದು ಅಂತ ಮನಸ್ಸಿಗೆ ಹೇಳಿಕೊಂಡೆ. ಅವತ್ತೇ ಮಧ್ಯಾಹ್ನ ಮತ್ತೆ ಅದೇ ಅಂಗಡಿಗೆ ಹೋದೆ. ಇಲಿಯಾಸ್ ಡಬ್ಬಿ ಕೊಡಲು ಹಿಂದೆಮುಂದೆ ನೋಡಿದ. "ನಿಮ್ಮಕ್ಕಂಗೆ ಹೇಳಿದ್ರಾ?" ಅಂದ. ಹೇಳಿದೆ ಅಂತ ಸುಳ್ಳು ಹೇಳಿದೆ. ಆರು ದಿನ ತಂದೆ. ಆರು ದಿನವೂ, "ಬಿಸ್ಮಿಲ್ಲಾ ಹೇಳಿ ಕೊಯ್ದದ್ದು ಬುಬು, ತಿನ್ನು" ಅಂದೆ. ನಾನು ಮಾತ್ರ ಅವಳ ಹಾಸಿಗೆಯ ಪಕ್ಕದ ಬಾಳೆಹಣ್ಣು ತಿಂದೆ.

ಆ ದಿನಗಳಲ್ಲಿ ಒಮ್ಮೆ ವಾರ್ಡಿನ ನೆಲ ಒರೆಸುವ ತುರ್ಕಿ ಹೆಂಗಸು ಗುಲ್ಸುಮ್ ಎದುರಿಗೆ ಸಿಕ್ಕಳು. ಅವಳ ಕೈಯ ಡಬ್ಬಿಯಿಂದ ಸಾತ್ಕೊರಾ ವಾಸನೆ ಬಂತು. ಈ ಊರಿನಲ್ಲಿ ಸಾತ್ಕೊರಾ ಎಲ್ಲಿಂದ, ಚಳಿಗೆ ಮೂಗು ಕೆಟ್ಟಿದೆ ಅಂದುಕೊಂಡೆ. ನನ್ನ ಮೂಗು ಇಡೀ ಹ್ಯಾಂಬರ್ಗಿನಲ್ಲಿ ಒಂದೇ ಒಂದು ಸಲ ನಿಜ ಹೇಳಿತ್ತು, ಆಗ ನಾನು ನಂಬಲಿಲ್ಲ.

ಹದಿನಾರನೇ ತಾರೀಖು ಸಂಜೆ ಕೊನೆಯ ಸಲ ತೂಗಿದರು. ನಲವತ್ತು ದಾಟಿತ್ತು. ನರ್ಸಮ್ಮ ಚಪ್ಪಾಳೆ ಹೊಡೆದಳು. ಬುಬು ಮಗ್ರಿಬ್ ನಮಾಜು ಮುಗಿಸಿ ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ತೊಬಾ, ನಾಳೆ ಏಳ್ತೀನೋ ಇಲ್ವೋ, ಅದಕ್ಕೆ ಹೇಳ್ತೀನಿ. ನಿನ್ನ ಕೋಳಿನ ಮೂರು ವಾರದಿಂದ ಈ ಹೆಡ್ವಿಗ್ ತಿಂತಿದ್ದಾಳೆ."

ಪಕ್ಕದ ಹಾಸಿಗೆಯಿಂದ ಮುದುಕಿ ಕೈ ಬೀಸಿದಳು.

"ನಿನಗೆ ಜ್ವರ ಬಂದಾಗ ಆ ಅಂಗಡಿಯವನು ಡಬ್ಬಿ ತಂದನಲ್ಲ. ಇಟ್ಟು ಸುಮ್ಮನೆ ಹೋಗಲಿಲ್ಲ. ನನ್ನ ಗಂಟಲು ನೋಡಿ ಮರುಗಿದ. ಹಣೆಗೆ, ಎದೆಗೆ, ಭುಜಕ್ಕೆ ಕೈ ಮುಟ್ಟಿಸಿ ನನಗೋಸ್ಕರ ಪ್ರಾರ್ಥನೆ ಮಾಡಿದ. ಆಗಲೇ ಗೊತ್ತಾಯ್ತು ಅವನು ಯಾರು ಅಂತ. ಒಳ್ಳೆಯವನು, ಅವನನ್ನ ಬೈಬೇಡ. ಅವತ್ತಿಂದ ನಾನು ತಿನ್ನಲಿಲ್ಲ. ಗುಲ್ಸುಮ್ ತರ್ತಾಳೆ. ಅವಳ ಗಂಡ ಊರಾಚೆ ತೋಟದಲ್ಲಿ ತಾನೇ ಕೊಯ್ಯೋ ಕೋಳಿ, ಗೋಧಿ ನುಚ್ಚು. ನಮ್ಮಿಬ್ಬರಿಗೂ ಮಾತು ಬರಲ್ಲ. ಬಿಸ್ಮಿಲ್ಲಾ ಒಂದು ಬರುತ್ತೆ, ಅಷ್ಟು ಸಾಕಾಯ್ತು."

"ನನಗೆ ಯಾಕೆ ಹೇಳಲಿಲ್ಲ ಬುಬು?"

"ಡಬ್ಬಿ ಹಿಡ್ಕೊಂಡು ಬರೋವಾಗ ನಿನ್ನ ಮುಖ ಹೆಂಗಿರ್ತಿತ್ತು ಗೊತ್ತಾ? ಮುತ್ತು ತರೋನ ಹಂಗೆ. ಗೊತ್ತಿಲ್ದೆ ತರ್ತಿದ್ದಾನೆ, ಇರಲಿ ಅಂತ ಸುಮ್ನಿದ್ದೆ." ಆಮೇಲೆ ನನ್ನನ್ನೇ ನೋಡಿದಳು. "ಆದ್ರೆ ಬಕ್ರೀದ್ ಆದ್ಮೇಲೆ ನೀನು ತಿನ್ನೋದು ಬಿಟ್ಟೆ. ನನಗೆ ಬಡಿಸೋದು ಬಿಡಲಿಲ್ಲ."

"ನೀನು ಬದುಕಲಿ ಅಂತ" ಅಂದೆ.

"ಹೇಳಿದ್ರೆ ಸಾಯ್ತಿದ್ನಾ? ಹೇಳಿದ್ರೆ ನೀನೂ ನಮ್ಜೊತೆ ಕೂತು ತಿಂತಿದ್ದೆ. ಆರು ದಿನ ಬಾಳೆಹಣ್ಣು ತಿಂದು ಎಷ್ಟು ಸೊರಗಿದ್ದೀಯ ನೋಡ್ಕೊ." ಹಾಗೆ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಸೊರಗಿದ್ದಕ್ಕೆ ಮರುಗಿದಳಲ್ಲ. ತಟ್ಟೆಯಲ್ಲಿ ನಡುಗುವ ಲೋಳೆ ಕಂಡು ಥೂ ಅಂದವನು ನಾನು. ಈಗ ಮುಖ ತೊಳೆಯುವಾಗ ಕನ್ನಡಿಯಲ್ಲಿ ಕಾಣುವವನನ್ನು ನೋಡಿದರೂ ಅದೇ ವಾಕರಿಕೆ.

ಆಪರೇಷನ್ ಚೆನ್ನಾಗಿ ಆಯಿತು. ಗೆಡ್ಡೆ ಹೋಗಿದೆ, ಉಸಿರು ಸಲೀಸಾಗಿದೆ. ಧ್ವನಿ ಮಾತ್ರ ಇನ್ನೂ ಬಂದಿಲ್ಲ. ಒಂದೆರಡು ತಿಂಗಳಲ್ಲಿ ಬರಬಹುದು ಅನ್ನುತ್ತಾರೆ. ನಾನು ಹೋದರೆ ಜಾಗ ಕೊಡುತ್ತಾಳೆ, ಗುಲ್ಸುಮ್ ತಂದದ್ದರಲ್ಲಿ ಅರ್ಧ ನನ್ನ ಕಡೆ ತಳ್ಳುತ್ತಾಳೆ. ನಾನು ತಿನ್ನುತ್ತೇನೆ. ರುಚಿ ಗೊತ್ತಾಗುವುದಿಲ್ಲ.

ಮೌಲವಿಯ ಮೋಸವನ್ನು ಬುಬುವಿಗೂ, ನನ್ನ ಸುಳ್ಳನ್ನು ಇಲಿಯಾಸನಿಗೂ ಹೇಳಿದೆ. ಅವನು ಆ ಆರು ದಿನದ ಡಬ್ಬಿಯ ದುಡ್ಡು ವಾಪಸು ಕೊಡಲು ಬಂದ. ತೆಗೆದುಕೊಳ್ಳಲು ಮುಖವಿರಲಿಲ್ಲ.

ನಿನ್ನೆ ಬುಬು ಹೆಬ್ಬೆರಳಿಗೆ ತೋರುಬೆರಳು ಉಜ್ಜಿ, ಗಲ್ಲದ ಮೇಲೆ ಕೈಯಾಡಿಸಿ ಗಡ್ಡ ತೋರಿಸಿದಳು. ಆ ಮೌಲವಿಗೆ ಎಷ್ಟು ಕೊಟ್ಟೆ ಅಂತ. ನಾನು ಎರಡು ಬೆರಳೆತ್ತಿದೆ. ಇಪ್ಪತ್ತು. ಅವಳು ನೋಡುತ್ತಲೇ ಇದ್ದಳು. ಆಮೇಲೆ ನನ್ನ ಕೈ ಹಿಡಿದು, ಎತ್ತಿದ ಎರಡು ಬೆರಳನ್ನೂ ಮೆಲ್ಲಗೆ ಮಡಿಸಿಟ್ಟಳು.

ಅದಕ್ಕೇ ಈ ಕಾಗದವನ್ನು ಟಪಾಲಿಗೆ ಹಾಕುವ ಮೊದಲು ಅವಳ ಹಾಸಿಗೆಯ ಪಕ್ಕ ನಿಂತು ಓದಿ ಹೇಳುತ್ತೇನೆ. ಬಾಯಲ್ಲಿ ಹೇಳಲು ಹೋದರೆ ನನ್ನ ನಾಲಗೆ ಲೆಕ್ಕವನ್ನು ಕಡಿಮೆ ಮಾಡಿಬಿಡುತ್ತದೆ. ಬರೆದದ್ದನ್ನು ಓದಿದರೆ ಹಾಗಾಗುವುದಿಲ್ಲ. ಕತ್ತಿಯ ಕಾಣಿಕೆ, ಕುರಿಯ ಮುಂಗಡ, ಬುಬುವಿನ ಆಯಸ್ಸಿಗೆ ಅಂತ ಅವನು ಹೇಳಿದ ಇನ್ನೊಂದು ಕುರಿ, ಎಲ್ಲ ಸೇರಿ ನಿನ್ನ ಹೊಲಿಗೆ ಯಂತ್ರದ ನಾನೂರು ಮಾರ್ಕಿನಲ್ಲಿ ಹೋದದ್ದು ಇಪ್ಪತ್ತಲ್ಲ, ಹಾಜೆರಾ.

ಮುನ್ನೂರ ಎಪ್ಪತ್ತು.

ತೊಬಾರಕ್